ಕೈಮರದ ಇಳಿಜಾರಿನಲ್ಲಿ ಹಾರ್ನ್ ಕೇಳಿಸದೇ ಹೋದದ್ದರ ಬಗ್ಗೆ

ನನ್ನ ಹೆಸರು ರುದ್ರಾಣಿ, ಗಂಡನ ಹೆಸರು ಶಶಿಧರ್, ವಯಸ್ಸು 42 ವರ್ಷ, ಕಾಫಿ ಬೆಳೆ ಮತ್ತು ಹೋಂಸ್ಟೇ ಕೆಲಸ, ಓದಿದ್ದು ಎಸ್‌ಎಸ್‌ಎಲ್‌ಸಿ, ವಾಸ ಅತ್ತಿಗುಂಡಿ, ಚಿಕ್ಕಮಗಳೂರು ತಾಲ್ಲೂಕು. ನನ್ನ ತಮ್ಮ ಪ್ರಶಾಂತ್‌ನ ಸಾವಿನ ವಿಷಯದಲ್ಲಿ ನಾನು ಕಣ್ಣಿಂದ ಕಂಡದ್ದನ್ನೂ ಕಿವಿಯಿಂದ ಕೇಳಿದ್ದನ್ನೂ ಈ ದಿನ ಠಾಣೆಯಲ್ಲಿ ಕೂತು ಸ್ವಂತ ಕೈಬರಹದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ತೋಟದಲ್ಲಿ ಎರಡು ಮನೆಗಳಿವೆ. ಒಂದರಲ್ಲಿ ನಾನು ಮತ್ತು ನನ್ನ ಗಂಡ ಇದ್ದು, ಮೂರು ಕೋಣೆಗಳನ್ನು ಹೋಂಸ್ಟೇಗೆ ಕೊಡುತ್ತೇವೆ. ಇನ್ನೊಂದರಲ್ಲಿ ನನ್ನ ತಾಯಿ ಸಿದ್ದಗಂಗಮ್ಮ ಮತ್ತು ತಮ್ಮ ಪ್ರಶಾಂತ್ ಇದ್ದರು. ಪ್ರಶಾಂತ್‌ಗೆ 31 ವರ್ಷ, ಮದುವೆಯಾಗಿರಲಿಲ್ಲ. ಜನವರಿ ತಿಂಗಳ ಮೊದಲ ವಾರ ಪೋಲೆಂಡ್ ದೇಶದ ಮಾರ್ತಾ ಎಂಬ 26 ವರ್ಷದವರು ನಮ್ಮ ಹೋಂಸ್ಟೇಗೆ ಬಂದರು. ಕಾಫಿ ಹಣ್ಣು ಕೊಯ್ದು, ಸಿಪ್ಪೆ ಬಿಡಿಸಿ ಪಲ್ಪ್ ಮಾಡಿ, ಒಣಗಿಸುವುದನ್ನು ನೋಡಿ ಕಲಿಯುವುದು ಅವರ ಉದ್ದೇಶವಾಗಿತ್ತು. ಇಲ್ಲಿಂದ ಮುಂದೆ ಬೈಕಿನಲ್ಲಿ ಊರೂರು ಸುತ್ತಬೇಕೆಂಬ ಆಸೆ ಅವರಿಗಿತ್ತು. ಅವರಿಗೆ ಕಾರು ಓಡಿಸಲು ಬರುತ್ತದೆ, ಬೈಕ್ ಬರುತ್ತಿರಲಿಲ್ಲ. ಬೈಕಿನ ಲೈಸೆನ್ಸ್ ಅವರ ಬಳಿ ಇರಲಿಲ್ಲ ಎಂಬುದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಕಲಿಸುತ್ತೇನೆಂದು ಪ್ರಶಾಂತ್ ತಾನಾಗಿಯೇ ಒಪ್ಪಿಕೊಂಡನು.

ಸಂಜೆ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ ನಮ್ಮ ಕಾಫಿ ಕಣ ಖಾಲಿಯಾಗುತ್ತದೆ. ಅಲ್ಲಿ ಅವನು ಕಲಿಸುತ್ತಿದ್ದನು. ಎರಡು ಗುಡ್ಡೆಗಳ ಸುತ್ತ ಎಂಟರ ಆಕಾರದಲ್ಲಿ ಓಡಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಹೆಲ್ಮೆಟ್ ಹಾಕದೆ ಬೈಕ್ ಮುಟ್ಟಲು ಬಿಡುತ್ತಿರಲಿಲ್ಲ. ಅವರ ದೇಶದಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರಂತೆ, ಅದಕ್ಕೆ ಎಡ, ಎಡ ಎಂದು ಕಣದ ಉದ್ದಕ್ಕೂ ಕೂಗುತ್ತಿದ್ದನು. ಇಳಿಜಾರಿನಲ್ಲಿ ಕ್ಲಚ್ ಹಿಡಿಯಬಾರದು, ಎರಡನೇ ಗೇರಿಗೆ ಹಾಕಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಬಿಡಬೇಕು, ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯಬೇಕು ಎಂದು ಹೇಳಿಕೊಟ್ಟನು. ಹಾರ್ನ್ ಮತ್ತು ಇಂಡಿಕೇಟರ್ ಎರಡೂ ಎಡಗೈ ಹೆಬ್ಬೆರಳಿನ ಹತ್ತಿರವೇ ಇರುವುದರಿಂದ ಮೊದಮೊದಲು ಅವರಿಗೆ ತಪ್ಪುತ್ತಿತ್ತು. "ಹಾರ್ನ್ ಹೊಡಿ ಅಂದ್ರೆ ಇಂಡಿಕೇಟರ್ ಹಾಕ್ತೀಯಲ್ಲ ಮಾರಾಯ್ತಿ! ಎದುರಿಂದ ಬರೋನು ಅದರ ವಾಸನೆ ನೋಡ್ತಾನಾ?" ಎಂದು ಬಯ್ಯುತ್ತಿದ್ದನು. ಮಾರ್ತಾ ಅವರು ತಾವು ಕಲಿತ ನಾಲ್ಕು ಮಾತಿನಲ್ಲಿ "ನಿಧಾನ ಬಯ್ಯಿ ಅಣ್ಣ" ಎನ್ನುತ್ತಿದ್ದರು. ನನ್ನ ತಾಯಿ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದರು. ಈ ಮಗೀಗೆ ಮೊದಲು ಎರಡು ರೊಟ್ಟಿ ಹಾಕು, ಆಮೇಲೆ ಬಯ್ಯಿ ಎಂದು ಪ್ರಶಾಂತ್‌ಗೇ ಗದರುತ್ತಿದ್ದರು.

ಮೂರು ವಾರದಲ್ಲಿ ಮಾರ್ತಾ ಅವರು ತೋಟದ ರಸ್ತೆಯಲ್ಲಿ ಒಬ್ಬರೇ ಓಡಿಸುವಷ್ಟು ಕಲಿತರು. ಆದರೂ ಡಾಂಬರು ರಸ್ತೆಗೆ ಬಿಟ್ಟಿರಲಿಲ್ಲ. ಶನಿವಾರ ಭಾನುವಾರ ಪ್ರವಾಸಿಗಳ ಗಾಡಿ ಜಾಸ್ತಿ, ಮಂಗಳವಾರ ಹೋಗೋಣ ಎಂದು ಪ್ರಶಾಂತ್ ಹೇಳಿದನು.

ದಿನಾಂಕ 11-02-2025ರ ಮಂಗಳವಾರ ಬೆಳಿಗ್ಗೆ 9 ಗಂಟೆಗೆ ನಾವು ಹೊರಟೆವು. ಮಾರ್ತಾ ಅವರು ಬೈಕ್ ಓಡಿಸುತ್ತಿದ್ದರು, ಪ್ರಶಾಂತ್ ಹಿಂದೆ ಕೂತಿದ್ದನು. ಇಬ್ಬರೂ ಹೆಲ್ಮೆಟ್ ಹಾಕಿದ್ದರು. ಅವರ ಹಿಂದೆ ನಮ್ಮ ಜೀಪಿನಲ್ಲಿ ನಾನು ಮತ್ತು ನನ್ನ ಗಂಡ ಪಾರ್ಚ್‌ಮೆಂಟ್ ಮೂಟೆಗಳನ್ನು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಒಯ್ಯುತ್ತಿದ್ದೆವು. ಮೊದಲ ತಿರುವುಗಳನ್ನೆಲ್ಲ ಅವರು ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿದರು. ಪ್ರತಿ ತಿರುವಿನಲ್ಲೂ ಹಾರ್ನ್ ಕೇಳಿಸಿತು. ನಿನ್ನ ತಮ್ಮನಿಗಿಂತ ಇವಳೇ ವಾಸಿ ಎಂದು ನನ್ನ ಗಂಡ ಹೇಳಿದರು.

ಕೆಳಗೆ ಬಯಲು ಕಾಣುವ ಒಂದು ತಿರುವಿನಲ್ಲಿ ಅವರು ಬೈಕ್ ನಿಲ್ಲಿಸಿದರು. ನಾವೂ ಹಿಂದೆ ನಿಲ್ಲಿಸಿದೆವು. ಪ್ರಶಾಂತ್ ಹೆಲ್ಮೆಟ್ ತೆಗೆದು ಮೊಬೈಲಿನಲ್ಲಿ ಮಾರ್ತಾ ಅವರ ಫೋಟೋ ತೆಗೆದನು. ಮತ್ತೆ ಹತ್ತುವಾಗ ಹೆಲ್ಮೆಟನ್ನು ತಲೆಗೆ ಹಾಕದೆ ಮೊಣಕೈಗೆ ತೂರಿಸಿಕೊಂಡನು. ಹಾಕ್ಕೋ ಎಂದು ನಾನು ಜೀಪಿನಿಂದಲೇ ಹೇಳಿದೆ. ಕೈಮರದ ಹತ್ರ ಹಾಕ್ಕೊಂಡ್ರೆ ಆಯ್ತು ಬಿಡಕ್ಕ ಎಂದನು. ಬೆಟ್ಟದ ಬುಡದ ಕೈಮರದಲ್ಲಿ ಚೆಕ್‌ಪೋಸ್ಟ್ ಇರುವುದರಿಂದ ನಮ್ಮ ಕಡೆ ಬಹಳ ಜನ ಹಾಗೇ ಮಾಡುತ್ತಾರೆ.

ನಂತರ ನಡೆದದ್ದನ್ನು ದಯವಿಟ್ಟು ಪೂರ್ತಿ ಓದಬೇಕಾಗಿ ಕೋರುತ್ತೇನೆ. ನಮ್ಮಲ್ಲಿ ಮೇಲಿನಿಂದ ಬರುವ ಬೈಕಿನವರು ಎಂಜಿನ್ ಬಂದ್ ಮಾಡಿ, ನ್ಯೂಟ್ರಲಿಗೆ ಹಾಕಿ, ಕೈಮರದವರೆಗೆ ಹಾಗೇ ಉರುಳಿಕೊಂಡು ಹೋಗುವುದುಂಟು. ಪೆಟ್ರೋಲ್ ಉಳಿಯುತ್ತದೆಂದು ಶುರುವಾದದ್ದು, ಈಗ ಅಭ್ಯಾಸವಾಗಿದೆ. ಮಾರ್ತಾ ಅವರು ಕಿಕ್ ಹೊಡೆದು ಬೈಕ್ ಸ್ಟಾರ್ಟ್ ಮಾಡಿದ್ದರು. ಪ್ರಶಾಂತ್ ಹಿಂದಿನಿಂದ ಕೈ ಚಾಚಿ ಕೀ ತಿರುಗಿಸಿ ಎಂಜಿನ್ ಬಂದ್ ಮಾಡಿದನು. ನ್ಯೂಟ್ರಲಿಗೆ ಹಾಕು, ಇನ್ನು ಕೈಮರದವರೆಗೆ ಎಂಜಿನ್ ಬೇಡ, ಗಾಡಿ ತಾನೇ ಹೋಗುತ್ತದೆ ಎಂದನು. ಗೇರಿನಲ್ಲೇ ಇಳಿಯಬೇಕು ಎಂದು ನೀನೇ ಹೇಳಿದ್ದೆಯಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ. ಪ್ರಶಾಂತ್ ನಕ್ಕು, "ಅದು ಕಣದ ಪಾಠ, ಇದು ಊರಿನ ಪಾಠ. ನಾನಿಲ್ವಾ ಹಿಂದೆ? ಬಿಡು ಮಾರಾಯ್ತಿ!" ಎಂದನು. ಜೀಪಿನ ಕಿಟಕಿ ತೆರೆದಿತ್ತು. ಅವರು ನಮ್ಮಿಂದ ಹತ್ತು ಅಡಿ ದೂರದಲ್ಲಿದ್ದರು. ನಮ್ಮದು ಲೋಡ್ ಗಾಡಿ, ನಾವು ಗೇರಿನಲ್ಲೇ ಹೋಗೋಣ ಎಂದು ನನ್ನ ಗಂಡ ಹೇಳಿದರು.

ಬೈಕ್ ಸದ್ದಿಲ್ಲದೆ ಹೊರಟಿತು. ಎರಡು ತಿರುವು ದಾಟುವುದರಲ್ಲಿ ಅವರ ವೇಗ ಹೆಚ್ಚಾಯಿತು. ಅವರು ಬ್ರೇಕ್ ಹಿಡಿದಿದ್ದರೋ ಇಲ್ಲವೋ ಎಂದು ಹಿಂದಿನಿಂದ ನಮಗೆ ತಿಳಿಯುವಂತಿರಲಿಲ್ಲ. ಕೀ ಬಂದ್ ಆಗಿದ್ದರೆ ಬ್ರೇಕ್ ಹಿಡಿದರೂ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಪ್ರಶಾಂತ್ ಮುಂದಕ್ಕೆ ಬಾಗಿ ಏನೋ ಕೂಗುತ್ತಿದ್ದನು. ನನ್ನ ಗಂಡ ನಮ್ಮ ಜೀಪಿನ ಹಾರ್ನನ್ನು ಕೈ ಎತ್ತದೆ ಒತ್ತಿ ಹಿಡಿದರು. ಮುಂದಿನ ತಿರುವಿನಲ್ಲಿ ಅವರು ಕಣ್ಣಿಗೆ ಮರೆಯಾದರು. ಆಮೇಲೆ ಸದ್ದು ಕೇಳಿಸಿತು.

ನಾವು ತಿರುವು ದಾಟಿದಾಗ, ಕೆಳಗಿನಿಂದ ಹತ್ತಿ ಬಂದ ಜೀಪಿನ ಬಲ ಮೂಲೆಗೆ ಬೈಕ್ ತಾಗಿ ಬಿದ್ದಿತ್ತು. ಮಾರ್ತಾ ಅವರು ಚರಂಡಿಯಲ್ಲಿ ಕೂತಂತೆ ಬಿದ್ದಿದ್ದರು. ಪ್ರಶಾಂತ್ ರಸ್ತೆಯ ಕಲ್ಲುಕಟ್ಟೆಯ ಪಕ್ಕ ಇದ್ದನು. ಹೆಲ್ಮೆಟ್ ಅವನ ಮೊಣಕೈಯಲ್ಲೇ ಇತ್ತು, ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ನಾನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವನಿಗೆ ಪ್ರಜ್ಞೆ ಇರಲಿಲ್ಲ. ಮೂಟೆಗಳನ್ನು ರಸ್ತೆಗೆ ತಳ್ಳಿ ನಮ್ಮ ಜೀಪಿನಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲೇ ಅವನ ಉಸಿರು ನಿಂತಿತು. ಎಲ್ಲಿ ನಿಂತಿತು ಎಂದು ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದರು. ಆಗ ನಾವು ಇನ್ನೂ ಕೈಮರ ದಾಟಿರಲಿಲ್ಲ.

ಎದುರಿನ ಜೀಪಿನ ಚಾಲಕ ನಾಗೇಶ ಎಂಬವರು ತಮ್ಮ ಎಡಗಡೆಯಲ್ಲೇ ಬರುತ್ತಿದ್ದರು. ಅವರ ತಪ್ಪಿಲ್ಲ. "ಹಾರ್ನ್ ಕೇಳ್ಲಿಲ್ಲ ಅಕ್ಕ. ನಿಮ್ಮ ಜೀಪಿನ ಹಾರ್ನ್ ಮೇಲೆಲ್ಲೋ ಕೇಳ್ತು, ದೂರ ಇದೆ ಅಂದ್ಕೊಂಡೆ" ಎಂದು ಅವರು ನನ್ನ ಕಾಲ ಬಳಿ ಕೂತು ಅತ್ತರು. ಅಪಘಾತದ ಜಾಗದಲ್ಲಿ ಸೇರಿದವರಲ್ಲಿ ಯಾರೋ ಬೈಕನ್ನು ಬದಿಗೆ ಸರಿಸುವಾಗ ಅದರ ಕೀ ತೆಗೆದು ನನ್ನ ಗಂಡನ ಕೈಗೆ ಕೊಟ್ಟರು. ಆದ್ದರಿಂದ ಬೈಕ್ ಬಿದ್ದಾಗ ಕೀ ಬಂದ್ ಆಗಿತ್ತು ಎಂದು ತೋರಿಸಲು ಈಗ ನನ್ನ ಮಾತಿನ ಹೊರತು ಬೇರೇನೂ ಇಲ್ಲ.

ಮರುದಿನ ಪ್ರಶಾಂತ್‌ನನ್ನು ನಮ್ಮ ತೋಟದಲ್ಲಿ ತಂದೆಯವರ ಗದ್ದುಗೆಯ ಪಕ್ಕ ಮಣ್ಣು ಮಾಡಿದೆವು.

13ನೇ ತಾರೀಖು ನಾನು ಆಸ್ಪತ್ರೆಗೆ ಹೋಗಿ ಮಾರ್ತಾ ಅವರನ್ನು ನೋಡಿದೆ. ಅವರ ಭುಜದ ಮೂಳೆ ಮತ್ತು ಕಾಲು ಮುರಿದಿದೆ. ಬಾಗಿಲಲ್ಲಿ ಮಹಿಳಾ ಪೇದೆಯೊಬ್ಬರು ಇದ್ದರು. ಮಾರ್ತಾ ಅವರ ಪಾಸ್‌ಪೋರ್ಟ್ ಠಾಣೆಯಲ್ಲಿದೆ, ತಪ್ಪು ತಮ್ಮದೇ ಎಂದು ಅವರು ಒಪ್ಪಿ ಹೇಳಿಕೆ ಕೊಟ್ಟಿದ್ದಾರೆ ಎಂದು ತಿಳಿಯಿತು. ನನ್ನನ್ನು ನೋಡಿದ ಕೂಡಲೇ ಅವರು ಎಡಗೈ ಹೆಬ್ಬೆರಳನ್ನು ಒತ್ತಿ ತೋರಿಸಿ, "ಅಕ್ಕ, ಹಾರ್ನ್ ಇಲ್ಲ. ನಾನು ಇಂಡಿಕೇಟರ್. ನಾನು ತಪ್ಪು" ಎಂದರು. ತಿರುವಿನಲ್ಲಿ ಒತ್ತಿದರೂ ಸದ್ದು ಬರದಿದ್ದಕ್ಕೆ, ಗಾಬರಿಯಲ್ಲಿ ಮತ್ತೆ ಇಂಡಿಕೇಟರನ್ನೇ ಒತ್ತಿದೆ ಎಂದು ಅವರು ತಿಳಿದುಕೊಂಡಿದ್ದಾರೆ. ಕೀ ಬಂದ್ ಆದರೆ ಆ ಬೈಕಿನ ಹಾರ್ನೂ ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಜಿನ್ ಬಂದ್ ಮಾಡಿ ಇಳಿಯುವ ನಮಗೆ ಅದು ಗೊತ್ತು, ತಿರುವಿನಲ್ಲಿ ಬಾಯಲ್ಲೇ ಕೂಗುತ್ತೇವೆ. ಪ್ರಶಾಂತ್ ಕೂಗುತ್ತಿದ್ದದ್ದು ಅದಕ್ಕೇ ಇರಬೇಕು. ನಾನು ಕೈ ಸನ್ನೆಯಲ್ಲಿ ಕೀ ತಿರುಗಿಸಿ ತೋರಿಸಿ ಹೇಳಲು ನೋಡಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ಅವರು ನನ್ನ ಕೈ ಹಿಡಿದು ಬೇಡ, ಬೇಡ ಎಂದರು.

ಅದೇ ಸಂಜೆ ನಾನು ಹೇಳಿಕೆ ಕೊಡುವುದಾಗಿ ಮನೆಯಲ್ಲಿ ತಿಳಿಸಿದೆ. ನನ್ನ ಚಿಕ್ಕಪ್ಪ ಬಸವರಾಜಪ್ಪನವರು, ಅವಳೇ ಒಪ್ಕೊಂಡಿರೋವಾಗ ನಿನ್ನದೇನು ನಡುವೆ ಎಂದು ಕೇಳಿದರು. ನನ್ನ ತಾಯಿ, "ನನ್ನ ಮಗ ಕಲಿಸೋಕೆ ಹೋಗಿ ಸತ್ತ ಅಂತ ಊರು ಹೇಳ್ತಿದೆ ರುದ್ರಿ. ಅವನೇ ಸಾವು ತಂದ್ಕೊಂಡ ಅಂತ ನೀನು ಬರಿಸ್ಬೇಡ" ಎಂದರು. ತಾಯಿ ಆಮೇಲೆ ನನ್ನೊಡನೆ ಮಾತಾಡಿಲ್ಲ.

ಪ್ರಶಾಂತ್ ಆಡಿದ ಮಾತು ತಮಗೆ ಕೇಳಿಸಲಿಲ್ಲ ಎಂದು ನನ್ನ ಗಂಡ ಪೊಲೀಸರಿಗೆ ಹೇಳಿದ್ದಾರೆಂದು ತಿಳಿಯಿತು. ನಮ್ಮ ಜೀಪಿನ ಎಂಜಿನ್ ಓಡುತ್ತಿದ್ದದ್ದು ನಿಜ. ಅವರನ್ನು ಸುಳ್ಳುಗಾರರೆಂದು ತಿಳಿಯಬಾರದು. ಅವರು ನನ್ನ ತಾಯಿಯ ಮುಖ ನೋಡಿ ಬಾಳಬೇಕಾದವರು.

ಬರೆಯುತ್ತಿರುವಾಗ ಮುಖ್ಯಪೇದೆ ಗುರುವಯ್ಯನವರು ನೀರು ತಂದುಕೊಟ್ಟು, ಕೀ ವಿಷಯ ಇದರಲ್ಲಿ ಬಂದರೆ ತಪ್ಪು ತೀರಿಹೋದವರ ಮೇಲೆ ಹೋಗುತ್ತದೆ, ಇನ್ನೊಮ್ಮೆ ಯೋಚನೆ ಮಾಡಿ ತಾಯಿ ಎಂದರು. ನಾನು ಯೋಚನೆ ಮಾಡಿದ್ದೇನೆ. ಕೀ ತಿರುಗಿಸಿದ್ದು ನನ್ನ ತಮ್ಮ. ಮಾರ್ತಾ ಅವರು ಹಾರ್ನ್ ಒತ್ತಿದ್ದಾರೆ. ನನ್ನ ತಮ್ಮನಿಗೆ ಇನ್ನು ಆಗುವಂಥದ್ದು ಏನೂ ಉಳಿದಿಲ್ಲ. ಆ ಹುಡುಗಿಗೆ ಉಳಿದಿದೆ.

ಇಲ್ಲಿ ಬರೆದದ್ದೆಲ್ಲ ನಾನು ಕಂಡದ್ದು, ಕೇಳಿದ್ದು. ಯಾರ ಒತ್ತಾಯವೂ ಇಲ್ಲ. ಓದಿ ನೋಡಿದ್ದೇನೆ, ಒಂದು ಮಾತನ್ನೂ ತೆಗೆಯುವುದಿಲ್ಲ.

ಸ್ಥಳ: ಚಿಕ್ಕಮಗಳೂರು
ದಿನಾಂಕ: 14-02-2025
ಸಹಿ: ರುದ್ರಾಣಿ
(ಮೃತ ಪ್ರಶಾಂತ್‌ನ ಅಕ್ಕ)