ಕಂಡಿಗೆ ಕೊಟ್ಟ ಕಾಲು

ಮಧ್ಯಾಹ್ನ ಹಿಡಿದ ಮಳೆ ಕತ್ತಲಾದರೂ ಬಿಟ್ಟಿರಲಿಲ್ಲ. ಗುಡ್ಡಗಾಡಿನ ಆ ಹಳ್ಳಿಯಲ್ಲಿ, ಕಂಬಗಳ ಮೇಲೆ ನಿಲ್ಲಿಸಿದ ಹಲಗೆಮನೆಯೊಳಗೆ, ಚಾರಣಕ್ಕೆ ಬಂದವರೆಲ್ಲ ಒಲೆಯ ಸುತ್ತ ಮುದುರಿ ಕೂತಿದ್ದರು. ತಲೆಯ ಮೇಲಿನ ಹಗ್ಗದಲ್ಲಿ ಅವರ ಕಾಲುಚೀಲಗಳು ತೊಟ್ಟಿಕ್ಕುತ್ತಿದ್ದವು. ಎಲ್ಲರಿಗಿಂತ ಒಲೆಗೆ ಹತ್ತಿರ ಕೂತವಳು ಅವರಲ್ಲೊಬ್ಬಳು, ಆಸ್ಪತ್ರೆಯ ದಾದಿ. ಅವಳ ಎಡಗಾಲು ಆಗಲೇ ಬೆಚ್ಚಗಾಗಿತ್ತು. ಬಲಗಾಲು ಜಪ್ಪಯ್ಯ ಎಂದರೂ ಬಿಸಿಯೇರಿರಲಿಲ್ಲ. "ಸುಟ್ಕೋತೀಯ, ಹಿಂದೆ ಸರಿ" ಎಂದು ಗಂಡ ಗದರಿದ. ನಾಳೆ ಹೇಗಾದರೂ ಊರು ಸೇರಬೇಕು, ಅಜ್ಜಿಯ ಹತ್ತಿರ ಬಿಟ್ಟು ಬಂದ ಪುಟ್ಟ ಮಗಳು ಬಾಗಿಲು ಕಾಯುತ್ತಿರುತ್ತಾಳೆ ಎನ್ನುವುದೊಂದೇ ಅವಳ ತಲೆಯಲ್ಲಿತ್ತು.

ಮನೆಯ ಯಜಮಾನ, ಒಂದು ಕಾಲಕ್ಕೆ ಈ ದಾರಿಯಲ್ಲೆಲ್ಲ ಜನರನ್ನು ನಡೆಸಿದ ಮುದುಕ, ಒಲೆಗೊಂದು ಕೊರಡು ನೂಕಿ ಗಂಟಲು ಸರಿಮಾಡಿಕೊಂಡ.

"ಬೆಳಿಗ್ಗೆ ನಿಮ್ಮನ್ನ ಕರ್ಕೊಂಡು ಹೊರಡೋವಾಗ ನನ್ನ ಮೊಮ್ಮಗಳು ಹೇಳಿದ್ಲಲ್ಲ, ಬದು ಮೇಲೆ ಯಾರು ಕರೆದ್ರೂ ನಿಲ್ಬೇಡಿ ಅಂತ... ನೀವೆಲ್ಲ ನಕ್ಕಿರ್ತೀರಿ. ನಗ್ರಪ್ಪ, ನನ್ನ ಗಂಟೇನು ಹೋಗುತ್ತೆ? ಆದ್ರೆ ಈ ಗದ್ದೆಗಳನ್ನ ಸರಿಯಾಗಿ ನೋಡಿದ್ರಾ? ಗುಡ್ಡಕ್ಕೆ ಮೆಟ್ಟಿಲು ಕಡಿದ ಹಾಗೆ ಒಂದರ ಕೆಳಗೊಂದು, ಒಂದರ ನೀರು ಇನ್ನೊಂದಕ್ಕೆ... ಮೇಲಿನ ಬದು ಒಡೀತು ಅಂದ್ರೆ ಕೆಳಗಿನದೆಲ್ಲ ಸಾಲಾಗಿ ಕುಸಿದು ಬುಡದಲ್ಲಿರೋ ಮನೆ ಮಣ್ಣುಪಾಲು. ಅದಕ್ಕೇ ಬದುವಲ್ಲಿ ಕಂಡಿ ಬಿದ್ರೆ ಒಬ್ಬರು ಅದಕ್ಕೆ ಕಾಲು ಕೊಟ್ಟು ನೀರು ತಡೀಬೇಕು, ಇನ್ನೊಬ್ಬರು ಮಣ್ಣಿಗೆ ಓಡಬೇಕು. ಮಣ್ಣು ಬರೋವರೆಗೂ ಕಾಲು ತೆಗೆಯೋ ಹಾಗಿಲ್ಲ... ಮಾತು ಬಿಟ್ಟ ದಾಯಾದಿ ಗದ್ದೆ ಆದ್ರೂ ಅಷ್ಟೇ!"

ದಾದಿ ಕಾಲನ್ನು ಕೆಂಡದತ್ತ ಇನ್ನಷ್ಟು ಚಾಚಿದಳು.

"ನನಗೊಬ್ಬ ತಮ್ಮ ಇದ್ದ. ಅವನೂ ಇದೇ ಕೆಲಸದವನು, ಮಾತಿನ ಮಲ್ಲ, ಅಳೋ ಮಗುನೂ ನಗಿಸೋನು. ಇಂಥದ್ದೇ ಮಳೆ ದಿನ, ಮುಂದೆ ನಾನು, ನಡುವೆ ಜನ, ಕೊನೆಗೆ ಅವನು... ಮಂಜು ಅಂದ್ರೆ ನಮ್ಮ ಕೈ ನಮಗೇ ಕಾಣದ ಮಂಜು. ಒಬ್ಬಳು ಹೆಂಗಸು ಕಂಡಿಯೊಳಗೆ ಕಾಲಿಟ್ಟು ನಿಂತಿದ್ಲಂತೆ. 'ತಮ್ಮಾ, ಬುಡದ ಮನೇಲಿ ನನ್ನ ಮಕ್ಕಳು ಮಲಗಿದಾವೆ, ಒಂಚೂರು ಕಾಲು ಕೊಡು, ಮಣ್ಣು ತಂದ್ಬಿಟ್ಟೆ' ಅಂದ್ಲಂತೆ. ಕೊಟ್ಟ. ಕೊಡದೆ ಇನ್ನೇನು ಮಾಡ್ತಾನೆ ಹೇಳಿ? ಅವಳು ಹೋದ್ಲು... ಬರಲಿಲ್ಲ. ಎಲ್ಲಿಂದ ಬರ್ತಾಳೆ? ಆ ಮನೆ, ಆ ಮಕ್ಕಳು, ಆ ತಾಯಿ, ಎಲ್ಲ ನಮ್ಮಪ್ಪ ಹುಟ್ಟೋಕೆ ಮುಂಚೆನೇ ಕೊಚ್ಕೊಂಡು ಹೋಗಿದ್ದು!

"ನಾನು ವಾಪಸ್ ಓಡಿ ಅವನ ರಟ್ಟೆ ಹಿಡಿದು ಎಳೆದೆ. 'ಬೇಡ ಅಣ್ಣಾ, ಕೆಳಗೆ ಮಕ್ಕಳಿದಾವೆ' ಅಂತ ಗೋಳಾಡಿದ. ಬಿಡಲಿಲ್ಲ, ಮನೆಗೆ ತಂದೆ. ಗೆದ್ದೆ ಅಂದ್ಕೊಂಡೆ... ಈ ಒಲೆ ಮುಂದೇನೇ ಕೂತ, ಉಂಡ, ಎಲ್ಲರನ್ನೂ ನಗಿಸಿದ. ಆದ್ರೆ ಆ ಒಂದು ಕಾಲು ಮಾತ್ರ ಬಿಸಿಯಾಗಲೇ ಇಲ್ಲ. ಎಣ್ಣೆ ಕಾಯಿಸಿ ತಿಕ್ಕಿದೆ, ಕಂಬಳಿ ಸುತ್ತಿದೆ... 'ಅಣ್ಣಾ, ಬೆರಳ ಸಂದೀಲಿ ಇನ್ನೂ ನೀರು ಹರೀತಿದೆ' ಅಂದ. ಬೆಳಗಾದ್ರೆ ಹಾಸಿಗೆ ಖಾಲಿ. ಹಲಗೆ ಮೇಲೆ ಬಾಗಿಲವರೆಗೆ ಒದ್ದೆ ಹೆಜ್ಜೆ... ಒಂದೇ ಕಾಲಿಂದು. ಬದು ಹತ್ರ ಓಡಿದ್ರೆ ಅಲ್ಲಿ ಕಂಡೀನೂ ಇಲ್ಲ, ತಮ್ಮನೂ ಇಲ್ಲ."

ದಾದಿ ತನ್ನ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಧ್ಯಾಹ್ನ ಮಂಜಿನಲ್ಲಿ ಅವಳು ಎಲ್ಲರಿಗಿಂತ ಹಿಂದೆ ಬಿದ್ದಿದ್ದಾಗ, ಬದುವಿನಲ್ಲಿ ನಿಂತ ಒಬ್ಬ ತರುಣ ಅವಳನ್ನು ಕರೆದಿದ್ದ. "ಅಕ್ಕಾ, ಒಂಚೂರು ಕಾಲು ಕೊಡ್ತೀರಾ? ಮಣ್ಣು ತಂದ್ಬಿಟ್ಟೆ." ರಕ್ತ ಚಿಮ್ಮುವ ಗಾಯವನ್ನು ವೈದ್ಯರು ಬರುವವರೆಗೆ ಒತ್ತಿ ಹಿಡಿದೇ ನಿಲ್ಲುವುದನ್ನು ಕಲಿತ ಜೀವ, ಹಿಂದುಮುಂದು ನೋಡದೆ ಕಾಲಿಟ್ಟಿದ್ದಳು. ಗಂಡ ಬಂದು ಬೈದು ಎಳೆದುಕೊಂಡು ಹೋಗುವವರೆಗೂ ಅಲ್ಲಿಂದ ಕದಲಿರಲಿಲ್ಲ.

"ಅಜ್ಜಾ..." ಎಂದಳು ಅವಳು. "ನಾನು ಕಾಲು ಕೊಟ್ಟೆ. ಒಬ್ಬ ಹುಡುಗ ಕೇಳಿದ, ಕೊಟ್ಬಿಟ್ಟೆ."

ಮುದುಕ ಬಗ್ಗಿ ಅವಳ ಬಲಪಾದವನ್ನು ಅಂಗೈಯಿಂದ ಮುಟ್ಟಿದ. ಅವನ ಕಣ್ಣು ತುಂಬಿ ಬಂತು.

"ನಗ್ತಾ ಇದ್ನಾ ಅವನು?" ಎಂದು ಕೇಳಿದ. "ಹೇಳಮ್ಮ, ನಕ್ನಾ?"

"ನಕ್ಕ... ಅಜ್ಜಾ, ನಿಮ್ಮ ಕಾಲು ಹಿಡೀತೀನಿ, ಏನಾದ್ರೂ ದಾರಿ ಹೇಳಿ. ಮನೇಲಿ ನನ್ನ ಮಗಳಿದಾಳೆ. ರೀ, ನನ್ನನ್ನ ಈ ಕಂಬಕ್ಕೆ ಕಟ್ಟಿಹಾಕ್ರೀ!"

ಗಂಡ ಕಾಲುಚೀಲಗಳ ಹಗ್ಗವನ್ನೇ ಕಿತ್ತು ತಂದ.

"ನಾನೂ ಕಟ್ಟಿದ್ದೆ ತಾಯಿ," ಎಂದ ಮುದುಕ. "ಬೆಳಿಗ್ಗೆ ನೋಡಿದ್ರೆ ಗಂಟು ಹಾಕಿದ ಹಾಗೇ ಇತ್ತು."

ಅವನು ಕಣ್ಣೊರೆಸಿಕೊಂಡು ಎದ್ದ. ಮೂಲೆಯಲ್ಲಿ ಸುತ್ತಿಟ್ಟಿದ್ದ ತಮ್ಮನ ಹಳೆಯ ಚಾಪೆಯನ್ನು ಕೊಡವಿ ಒಲೆಯ ಪಕ್ಕ ಹಾಸಿದ. ಆಮೇಲೆ ಹೋಗಿ ಬಾಗಿಲ ಅಗುಳಿ ತೆಗೆದ.

"ತೆಗೆದೇ ಇರ್ಲಿ... ನಿನ್ನ ತಡೆಯೋಕೆ ಯಾರ ಕೈಲೂ ಆಗಲ್ಲ ಮಗಳೇ, ಆಗೋದಾಗಿದ್ರೆ ಅವತ್ತೇ ತಡೀತಿರ್ಲಿಲ್ವಾ? ಆದ್ರೆ ಕಾಲು ಕೊಟ್ಟವರು ಹೊರಟ ರಾತ್ರಿ, ಕಾಲು ಬಿಡಿಸ್ಕೊಂಡವನು ಮನೆಗೆ ಬರಬೇಕಲ್ಲ?"