ಉಂಗುರಕ್ಕೆ ತಾಗಿದ ಬೆಳಕು

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಹುಡುಗಿಗೆ, ಪಕ್ಕದ ಗಂಡ ಹೆಂಡಿರ ಮಾತು ಕಥೆಯ ಹಾಗೆ ಕಿವಿಗೆ ಬೀಳುತ್ತಿತ್ತು.

“ಲ್ಯಾಬ್‌ನಲ್ಲಿ ಆ ಕಪ್ಪು ಕನ್ನಡಕ ಯಾಕ್ರೀ ತೆಗೆದ್ರಿ?”

“ಒಂದೇ ಗಳಿಗೆ ಕಣೇ, ಪ್ರಯೋಗದ ಹರಳು ಸರಿಯಾಗಿ ಕೂತಿದೆಯಾ ನೋಡೋಕೆ. ಲೇಸರ್‌ನ ಕೋಟಿ ಬೆಳಕಿನ ಕಣ ಆ ಹರಳಿಗೆ ಬಿದ್ದರೆ ಎಲ್ಲೋ ಒಂದು ಒಡೆದು ಅವಳಿ ಆಗುತ್ತೆ.”

“ಬೆಟ್ಟ ಅಗೆದು ಇಲಿ ಹಿಡಿದ ಹಾಗೆ!”

“ಅವಳಿ ಇಲಿ. ಒಂದನ್ನ ಅಳೆದರೆ ದೂರದ ಇನ್ನೊಂದರ ಸಮಾಚಾರ ತಿಳಿಯುತ್ತೆ.”

“ಅದಿರಲಿ, ಲೇಸರ್ ಕಣ್ಣಿಗೆ ಹೇಗೆ ಬಿತ್ತು?”

“ಕೈಯ ಮದುವೆ ಉಂಗುರಕ್ಕೆ ತಾಗಿ ತಿರುಗಿತು.”

“ಉಂಗುರ, ವಾಚು ಬಿಚ್ಚಿಟ್ಟೇ ಒಳಗೆ ಹೋಗಬೇಕು ಅಂತಿದ್ರಿ?”

“ಹಾಗೆ ಬಿಚ್ಚಿಟ್ಟು ಮರೆತು ಬಂದ ದಿನ ನೀನು ಊಟ ಬಿಟ್ಟಿದ್ದೆ.”

“ಅಯ್ಯೋ, ನನ್ನ ಹಟಕ್ಕಿಷ್ಟು ಬೆಂಕಿ ಹಾಕ!”

“ಅಳಬೇಡ್ವೇ. ನೋಟದ ಮಧ್ಯೆ ಒಂದು ಚುಕ್ಕೆಯಷ್ಟು ಕಾಣಲ್ಲ. ಸದ್ಯಕ್ಕೆ ನಿನಗೆ ಮೂಗಿಲ್ಲ, ಅಷ್ಟೇ.”

“ವಾಸಿ ಆಗುತ್ತಾ?”

“ಡಾಕ್ಟರು ಹೇಳಬೇಕು.”

ಒಳಗಿಂದ ನರ್ಸ್ ಕೂಗಿದರು. “ಪೇಷಂಟ್ ಒಬ್ಬರೇ ಬನ್ನಿ.”

“ಒಬ್ಬರನ್ನೇ ಬಿಟ್ಟರೆ ಗೋಡೆಗೆ ಡಿಕ್ಕಿ ಹೊಡೀತಾರೆ ಸಿಸ್ಟರ್,” ಅಂದಳು ಹೆಂಡತಿ. “ಏಳ್ರೀ, ನನ್ನ ಭುಜ ಹಿಡ್ಕೊಳ್ಳಿ. ಎಡವಿದರೆ ನನ್ನ ಮೇಲೇ ಬೀಳಿ.”

ಎರಡು ಜೊತೆ ಚಪ್ಪಲಿಯ ಸದ್ದು ನಿಧಾನವಾಗಿ ಒಳಗೆ ಹೋಯಿತು.