ಮೂರು ಸಲ ನಡುಗಬೇಕಾದ ಜಾಗ

ಇಲ್ರಿ ಮಾಸ್ತರ, ಏಳಬ್ಯಾಡ್ರಿ, ಕಾಲಿಗೆ ಪ್ಲಾಸ್ಟರ್ ಹಾಕಿ ಇನ್ನೂ ಎರಡ ದಿನಾ ಆಗಿಲ್ಲ. ನಾನ್ರಿ, ಬಸವಕಿರಣ. ಬೈರಿ ನನಗ. ಬೈದ್ರ ನನಗೂ ಒಂದ ಸಮಾಧಾನ. ನಿಮ್ಮ ಮನಿಯವರು, ನಮ್ಮ ವೈನಿ, ಬಾಗಿಲಾ ತಗದವರ ತಿರುಗಿ ಒಳಗ ಹೋದ್ರು. ಹತ್ತ ವರ್ಷ ನಿಮ್ಮ ಕೈ ಹಿಡದು ಸಾಲಿಗೆ ಬಿಟ್ಟು ಬಂದವರು ಅವರು. ಕಣ್ಣಿಲ್ಲದವರು ಒಬ್ರ ಅಡ್ಡಾಡೂ ನಕಾಶಿ ಫೋನಿನ್ಯಾಗ ಮಾಡೇನಿ ಅಂದೆ ನಾ. ಅದನ್ನ ನಂಬಿ ಎಂಟ ದಿನಾ ಒಬ್ರ ಹೋಗಿ ಬಂದ್ರಿ. ಒಂಬತ್ತನೇ ದಿನಾ ಗಟಾರದಾಗ ಬಿದ್ರಿ.

ಆ ಗಟಾರ ಮೊನ್ನೆರ ತೆರದಾರ್ರಿ. ಪೈಪ್ ಹಾಕಾಕ ಬಂದವರು ಹಾಸಗಲ್ಲ ಎತ್ತಿಟ್ಟು ಹಂಗ ಹೋಗ್ಯಾರ... ಯಾಕ ನಗ್ತೀರಿ?

ಹೌದು. ನಕಾಶಿ ಮಾಡೂ ಮುಂದ ಆವತ್ತ ನಿಮ್ಮ ಕೋಲಿಗೆ ಅದು ಸಿಕ್ಕಿತ್ತು. ವಿದ್ಯಾನಗರದಾಗ ನೀವು ಕೋಲ ತಟ್ಟಿ ತಟ್ಟಿ ಹೇಳಿದ್ರಿ, ನಾ ಹಾಳ್ಯಾಗ ಬರಕೊಂಡೆ. ಫೋನಿನ ನಕಾಶ್ಯಾಗ ಬೇಕರಿ ಮ್ಯಾಲೆ ಬೆರಳ ಇಟ್ರ ಗಂಟಿ, ರಸ್ತೆದ ಅಂಚಿಗೆ ಒಂದ ಸಲ ನಡುಗೂದು, ತೆರದ ಗಟಾರಕ್ಕ ಮೂರು. ಫೋನ್ ಏನರ ಕೆಟ್ಟಿರಬೇಕ್ರಿ, ಅಷ್ಟ. ನಾ ಒಯ್ದು ನೋಡ್ತೇನಿ.

ಈಗ ಯಾಕ ತಗದ್ರಿ ಫೋನ್ನ? ಕಾಲಿನ ಬ್ಯಾನಿ ಕಡಿಮಿ ಆಗಲಿ... ಹಾಂ, ಅದು ನಿಮ್ಮ ಗೇಟು. ಅದು ಬೇಕರಿ, ಗಂಟಿ ಬಾರಿಸ್ತು ನೋಡ್ರಿ. ಅದು ದವಾಖಾನಿ ತಿರುವು. ಮುಂದ ಸರೀರಿ. ಆ ಗಟಾರದ ಜಾಗದಾಗ ಯಾಕ ಬೆರಳ ಇಟ್ಟು ಕುಂತ್ರಿ? ಮಾಸ್ತರ, ತಗೀರಿ. ಅದು ನಡುಗೂದಿಲ್ಲ.

ಕೆಟ್ಟಿಲ್ರಿ ಫೋನು. ಆ ನಡುಗೂದನ್ನ ನಾನ ತಗದೇನಿ.

ಕಾಲೇಜಿನ್ಯಾಗ ಎಲ್ಲಾರ ಮುಂದ ತೋರಸಾಕ ಹೋಗಿದ್ನೆಲ್ರಿ, ಬೆರಳ ಇಟ್ಟಲ್ಲೆಲ್ಲಾ ಮೂರು, ಮತ್ತ ಮೂರು, ಮತ್ತ ಮೂರು. ನಮ್ಮ ಹುಬ್ಬಳ್ಯಾಗ ಗಟಾರಿಗೇನ ಬರಗಾಲ ಐತಿ? ಪರಮೇಶ ಸರ್ ಅಂದ್ರು, 'ಏನಪಾ, ಫೋನಿಗೆ ಚಳಿಜ್ವರ ಬಂದೈತೇನು?' ಕುಂತವರೆಲ್ಲಾ ನಕ್ರು. ನನಗ ಮಾರಿ ಎತ್ತಾಕ ಆಗಲಿಲ್ಲ. ಮನಿಗೆ ಬಂದು ಸಿಟ್ಟಿಲೆ ಗಟಾರೆಲ್ಲಾ ಅಳಿಸಿದೆ, ಆ ಹಾಳೀನೂ ಹರದ ಒಗದೆ. ಮುಂದಿನ ಸಲ ಎಲ್ಲಾರೂ ಛಲೋ ಅಂದ್ರು. ಅಂದವರೆಲ್ಲಾ ಕಣ್ಣಿದ್ದವರ್ರಿ.

ನಿಮಗ ಹೇಳಬೇಕಂತ ಮಾಡಿದ್ದೆ. ದಿನಾ ಸಂಜಿಗೆ ಫೋನ್ ಹಚ್ಚಿ, 'ಇವತ್ತೂ ಒಬ್ನ ಹೋಗಿ ಬಂದೆ ನೋಡಪಾ' ಅಂತಿದ್ರಿ. ಬಾಯಿ ಬರಲಿಲ್ಲ. ಎಂಟ ದಿನಾ ನಿಮ್ಮನ್ನ ಕಾಯ್ದದ್ದು ನಿಮ್ಮ ಕೋಲು. ಒಂಬತ್ತನೇ ದಿನಾ ಕೋಲಿಗಿಂತ ಫೋನ್ ನಂಬಿದ್ರಿ; ಅದು ನಡುಗಲಿಲ್ಲಂತ ಹೇಳಿ, ಗಟಾರ ಮುಚ್ಯಾರ ಅಂತ ತಿಳದು ಕಾಲ ಇಟ್ರಿ.

ಗಟಾರೆಲ್ಲಾ ಮತ್ತ ನಕಾಶ್ಯಾಗ ಹಾಕಬೇಕಂತ ನಿನ್ನೆ ಮುಂಜಾನಿಂದ ಅದ ಹಾದ್ಯಾಗ ಅಡ್ಡಾಡೇನ್ರಿ. ಹನ್ನೊಂದು ಸಿಕ್ಕುವು. ನಮಗ ಕಣ್ಣಿದ್ದವರಿಗೆ ಉಳದವು ಕಾಣೂದ ಇಲ್ಲ, ದಾಟಿ ಹೋಗಿಬಿಡ್ತೇವಿ. ನೀವು ಬರಿಸಿದ್ದು ಇಪ್ಪತ್ತಮೂರು.

ಉಳದ ಹನ್ನೆರಡು ಎಲ್ಲೆಲ್ಲಿ ಅದಾವ್ರಿ, ಮಾಸ್ತರ?